ಬಚ್ಚಲಿನಿಂದ ನನ್ನದೇ ದನಿ

ಕುರುಬರಹಳ್ಳಿಯ ನಮ್ಮ ಬಾಡಿಗೆ ಮನೆಯ ಬಚ್ಚಲಿನಿಂದ ಯಾರೋ ನನ್ನ ಮಗಳನ್ನು ಕರೆಯುತ್ತಿದ್ದರು. "ಲಿಖಿತಾ, ಬಾಮ್ಮ." ದನಿ ನನ್ನದೇ. ನಾನು ಮಾತ್ರ ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುತ್ತಿದ್ದೆ.

"ನಂಗೇನೋ ಆಗ್ತಿದೆ, ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ" ಎಂದು ಗಂಡನ ಹತ್ತಿರ ಗೋಗರೆದೆ.

"ಮೊದ್ಲು ದೃಷ್ಟಿ ತೆಗಿಯೋಣ" ಎಂದು ಅತ್ತೆ ಕೆಂಡದ ಮೇಲೆ ಉಪ್ಪು, ಒಣಮೆಣಸಿನಕಾಯಿ ಸುರಿದರು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಎಂದು ನಂಬಿಕೆ. ಅತ್ತೆಯೂ ಗಂಡನೂ ಕಣ್ಣೀರು ಸುರಿಸಿಕೊಂಡು, ಕೆಮ್ಮುತ್ತ ಕೋಣೆಯಿಂದ ಹೊರಗೋಡಿದರು. ಹೊಗೆಯ ನಡುವೆ ಕೂತ ನನಗೆ ಒಂದು ಕೆಮ್ಮೂ ಬರಲಿಲ್ಲ. ಮೂಗಿಗೆ ಬಚ್ಚಲಿನ ಒದ್ದೆ ಸಿಮೆಂಟಿನ ವಾಸನೆಯಷ್ಟೇ ಬಡಿಯುತ್ತಿತ್ತು.

"ಘಾಟು ಬಂತಲ್ಲೋ! ದೃಷ್ಟಿನೂ ಇಲ್ಲ, ಮಣ್ಣೂ ಇಲ್ಲ. ಬರೀ ನಾಟಕ ಕಣೋ ಇವಳ್ದು. ಮಗೂನ ಇವಳ ಪಕ್ಕ ಮಲಗಿಸ್ಬೇಡ" ಎಂದು ಅತ್ತೆ ಹೊರಗಿನಿಂದ ಚಿಲಕ ಹಾಕಿದರು.

ಕೊನೆಗೆ, ಬೆಳಿಗ್ಗೆ ಚಿಲಕ ತೆಗೆದ ಮೇಲೆ, ನಾನೊಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ಇದೊಂದು ಕಾಯಿಲೆ, ಹೆದರಬೇಡಿ ಎಂದು ಡಾಕ್ಟರ್ ಮಾತ್ರೆ ಕೊಟ್ಟರು. "ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಕೇಳ್ಸುತ್ತಾ?" ಎಂದರು. ಇಲ್ಲ ಎಂದೆ. ಬರಬರುತ್ತ ದನಿ ನಿಂತಿತು.

ಇವತ್ತು ಸಂಜೆ ಹೋಂವರ್ಕ್ ಬರೆಯುತ್ತಿದ್ದ ಲಿಖಿತಾ ಬಚ್ಚಲಿನ ಕಡೆ ತಿರುಗಿ, "ಬಂದೆ ಅಮ್ಮಾ" ಎಂದಳು.

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅತ್ತೆ ಎದ್ದು ಹೋಗಿ ಮೆಣಸಿನಕಾಯಿ ಡಬ್ಬ ಕೆಳಗಿಳಿಸಿದರು.