ಎರಡು ಮಳೆ ಕಂಡ ಅರಿಶಿಣ

ಗುದ್ದಲಿ ಮೊದಲು ಅರಿಶಿಣಕ್ಕೆ ತಾಗಿತು, ಆಮೇಲೆ ಎಲುಬಿಗೆ.

ಖಟಕ ಚಿಂಚೋಳಿಯ ಸುಂದರಬಾಯಿ ಹಿತ್ತಲಲ್ಲಿ ಹೀರೇಬಳ್ಳಿಗೆ ಗುಣಿ ತೋಡುತ್ತಿದ್ದಳು. ಜೂನಿನಲ್ಲಿ ಮುಂಗಾರು ತರುವ ಮಿರಗದ ಮಳೆಗೆ ಎಂಟೇ ದಿನ ಉಳಿದಿತ್ತು. ಬಚ್ಚಲ ನೀರು ಹರಿಯುವ ಆ ಮೂಲೆಯಲ್ಲಿ ಹಿಂದೆಂದೋ ಅರಿಶಿಣ ನೆಟ್ಟಿದ್ದು ಅವಳಿಗೆ ಮರೆತೇಹೋಗಿತ್ತು. ಬೇಸಿಗೆಗೆ ಎಲೆ ಒಣಗಿ ಮೇಲೆ ಬರೀ ಮಣ್ಣು. ಮಡಿಲು ತುಂಬುವಂಥ ಗಡ್ಡೆ ಎದ್ದು ಬಂದಾಗ ಖುಷಿಯೇ ಆಯಿತಂತೆ. ಇನ್ನೊಂದು ಏಟು ಹಾಕಿದಳು. ಆ ಏಟಿಗೆ ತಲೆಬುರುಡೆ ಕಂಡಿತು.

ಭಾಲ್ಕಿಯಿಂದ ಅಮೀನ ಮಚ್ಛೇಂದ್ರ ಬಂದಾಗ ಬಿಸಿಲು ನೆತ್ತಿಗೇರಿತ್ತು. ನಿಜಾಮ ಹೋಗಿ ಎರಡು ವರ್ಷವಾಗುತ್ತ ಬಂದರೂ ಠಾಣೆಯ ಅಧಿಕಾರಿಯನ್ನು ಜನ ಅಮೀನ ಎಂದೇ ಕರೆಯುತ್ತಿದ್ದರು. ಮನೆಯ ನಾಯಿ ಗುಣಿಯಿಂದ ದೂರ ಕೂತು, ಬೊಗಳದೆ ನೋಡುತ್ತಿತ್ತು. ಈ ಮನೆ ಮಚ್ಛೇಂದ್ರನಿಗೆ ಗೊತ್ತು.

ಸುಂದರಬಾಯಿಯ ಗಂಡ ಹಾವಗೆಪ್ಪ ೧೯೪೮ರ ಮಿರಗದ ಹೊತ್ತಿಗೆ ಗಡಿಯಾಚೆಯ ಸ್ವಾತಂತ್ರ್ಯ ಕ್ಯಾಂಪಿಗೆ ಹೋದನೆಂದು ಅಣ್ಣ ಮನ್ಮಥಪ್ಪ ಊರಿಗೆಲ್ಲ ಹೇಳಿದ್ದ. ಸುಂದರಬಾಯಿ ಆಗ ಹೆರಿಗೆಗೆಂದು ಔರಾದಿನ ತವರಿನಲ್ಲಿದ್ದಳು. ಭಾದ್ರಪದದಲ್ಲಿ, ಭಾರತದ ಸೈನ್ಯ ನುಗ್ಗಿದ ಪೊಲೀಸ್ ಆಕ್ಷನ್ನಿಗೆ ನಾಲ್ಕು ದಿನ ಮೊದಲು, ಗುಟ್ಟಾಗಿ ಮನೆಗೆ ಬಂದ ತಮ್ಮನನ್ನು ನಿಜಾಮನ ಪರ ಹೊಡೆದಾಡುತ್ತಿದ್ದ ರಜಾಕಾರರು ಎಳೆದೊಯ್ದರು ಎಂದೂ ಅವನೇ ಹೇಳಿದ. ಮನೆ ತೋರಿಸಿದವನು ಬಾವಿ ತೋಡುವ ನಬೀಸಾಬ ಎಂದ. ಆ ವರ್ಷದ ಬೇಸಿಗೆಯಲ್ಲಿ ಕ್ಯಾಂಪಿನ ಮೂವರು ಅಡಗಿದ್ದ ಬಣವೆಗೆ ರಜಾಕಾರರು ಬೆಂಕಿ ಇಟ್ಟಿದ್ದರು. ಆ ಸುದ್ದಿ ಮುಟ್ಟಿಸಿದವನೂ ನಬೀಸಾಬನೇ ಇರಬೇಕೆಂದು ಊರು ತಾನಾಗಿಯೇ ಸೇರಿಸಿಕೊಂಡಿತು.

ನಬೀಸಾಬನ ಕೈಗೆ ಬೇಡಿ ಹಾಕಿದವನು ಮಚ್ಛೇಂದ್ರ. ಆ ದಿನಗಳಲ್ಲಿ ಹೆಸರೊಂದೇ ಸಾಕಿತ್ತು, ಸಾಕ್ಷಿಯನ್ನು ಯಾರೂ ಕೇಳುತ್ತಿರಲಿಲ್ಲ. ಬರುವ ಸೋಮವಾರ ಬೀದರಿನ ಅದಾಲತ್ತಿನಲ್ಲಿ ಅವನ ಮೊಕದ್ದಮೆಯ ಫೈಸಲಾ. ಗಲ್ಲಿನ ತೀರ್ಪೇ ಆಗುತ್ತದೆ ಎಂದು ವಕೀಲರು ಹೇಳುತ್ತಿದ್ದರು. ಇವತ್ತು ಶುಕ್ರವಾರ.

*

ಠಾಣೆಯ ಹಳೆಯ ಜವಾನ ಪಂಢರಿ ಮಣ್ಣನ್ನು ಕೈಯಿಂದಲೇ ಬಿಡಿಸಿದ. ಬುರುಡೆಯ ಹಿಂಭಾಗ ಬಿರಿದಿತ್ತು. ಕೆಳಗೆ ಬೆನ್ನೆಲುಬು ನೆಟ್ಟಗೆ ಇಳಿದಿತ್ತು, ಕಾಲು ಮಡಿಚಿದ್ದವು. ಸುತ್ತ ವಿಭೂತಿಯ ಗಟ್ಟಿಗಳು. ಎಡಗೈಯ ಎಲುಬುಗಳ ನಡುವೆ ಇಷ್ಟಲಿಂಗ.

ಸುಂದರಬಾಯಿ ಆ ಲಿಂಗವನ್ನು ನೋಡಿದಳು. ಅಂಚಿನಲ್ಲಿ ಒಂದು ಚಕ್ಕೆ ಎದ್ದಿತ್ತು, ಗಂಡನ ಲಿಂಗದ್ದೇ ಗುರುತು. ಅವಳು ಗೋಡೆ ಹಿಡಿದು ಕೂತಳು.

"ರಜಾಕಾರರು ಕೊಂದವರನ್ನ ಹಿಂಗ ಕೂಡ್ರಿಸಿ ಹುಗೀತಿದ್ರೇನ್ರಿ, ಸಾಹೇಬ್ರ?" ಪಂಢರಿ ಮೆಲ್ಲಗೆ ಕೇಳಿದ. "ಅಷ್ಟು ಪುರಸೊತ್ತು ಎಲ್ಲಿತ್ರಿ ಅವರಿಗೆ?"

ಅಷ್ಟರಲ್ಲಿ ಮನ್ಮಥಪ್ಪ ಹೊಲದಿಂದ ಬಂದ. ಗುಣಿ ನೋಡಿದ. ತಲೆಯ ಪಟಕಾ ತೆಗೆದು ಎದೆಗೆ ಒತ್ತಿಕೊಂಡು, ಕೇಳುವ ಮೊದಲೇ ಹೇಳಿದ.

"ನಾನೇ ಇಟ್ಟೇನಿರಿ. ಅವರು ಒಯ್ಯಲಿಲ್ಲ. ಇಲ್ಲೇ, ಈ ಹಿತ್ತಲದಾಗ ಹೊಡೆದು ಹಾಕಿ ಹೋದ್ರು. ರುದ್ರಭೂಮಿಗೆ ಒಯ್ಯಾಕ ಅಂಜಿಕಿ. ಒಬ್ಬನೇ ತೋಡಿ, ವಿಭೂತಿ ಇಟ್ಟು, ಲಿಂಗ ಕೈಯಾಗ ಕೊಟ್ಟು ಕೂಡ್ರಿಸಿದೆ. ಈಕಿ ಹಣಿ ಬರಿದಾಗಬಾರದಂತ ಎಳೆದೊಯ್ದ್ರು ಅಂದೆ."

ಎರಡು ವರ್ಷದಿಂದ ಹೆಂಡತಿಯೋ ವಿಧವೆಯೋ ತಿಳಿಯದೆ ಬದುಕಿದ್ದ ಸುಂದರಬಾಯಿ ಆಗ ಅತ್ತಳು. ಭಾವನ ಕಾಲು ಮುಟ್ಟಿದಳು. ಬೇಲಿಯಾಚೆ ನಿಂತವರು ಕಣ್ಣೊರೆಸಿಕೊಂಡರು. ಯಾರೋ ನಬೀಸಾಬನ ವಂಶಕ್ಕೇ ಶಾಪ ಹಾಕಿದರು.

ಪಂಚನಾಮೆ ಬರೆದು ಎದ್ದುಬಿಡಬಹುದಿತ್ತು. ಫೈಸಲಾ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆದರೆ ಮಚ್ಛೇಂದ್ರ ಚಿಂತಾಕಿಯ ಒಕ್ಕಲಿಗನ ಮಗ. ಅವನ ಕಣ್ಣು ಹೆಣದ ಮೇಲಿರದೆ ಗಡ್ಡೆಯ ಮೇಲೆ ಬಿದ್ದಿತ್ತು.

*

ಬೇವಿನ ನೆರಳಲ್ಲಿ ಕೂತು, ಹೊತ್ತು ಕಳೆಯುವವನಂತೆ ಅವನು ಗಡ್ಡೆಯ ಮಣ್ಣು ಉದುರಿಸತೊಡಗಿದ.

"ಈ ಅರಿಶಿಣ ಯಾರು ಹಚ್ಚಿದ್ದರಿ, ಮನ್ಮಥಪ್ಪನೋರ?"

"ನಾನೇರಿ. ನಾಯಿ ಕೆದರಬಾರದಂತ, ಮುಂದಿನ ಮಿರಗದಾಗ ಹಚ್ಚಿದೆ."

"ಮುಂದಿನ ಮಿರಗ ಅಂದ್ರ, ಹೋದ ವರ್ಷದ್ದು?"

"ಹೌದರಿ."

"ಅಲ್ಲಿಗೆ ಇದು ಒಂದೇ ಮಳಿಗಾಲದ ಬೆಳಿ."

"ಒಂದೇ ಮಳಿಗಾಲದ್ದು."

ಮಚ್ಛೇಂದ್ರ ಗಡ್ಡೆ ಮುರಿದ. ಹೊರಗಿನ ಬೆರಳುಗಳು ರಸ ತುಂಬಿ ಹಳದಿಯಾಗಿದ್ದವು. ಹೋದ ಮಳೆಗಾಲದವು. ಅವುಗಳ ಒಳಗೆ ನಾರುಗಟ್ಟಿದ, ಕಪ್ಪಾದ ಇನ್ನೊಂದು ಸುತ್ತು. ಅದರ ಬುಡದಲ್ಲಿ ಹಚ್ಚಿದ ಬೀಜದ ತುಂಡು ಬರೀ ಸಿಪ್ಪೆಯಾಗಿ ಉಳಿದಿತ್ತು.

"ತಂಗಿ," ಅವನು ಸುಂದರಬಾಯಿಯನ್ನು ಕೇಳಿದ, "ಕೂಸು ತಗೊಂಡು ತವರಿನಿಂದ ಎಂದು ಬಂದಿ?"

ಪೊಲೀಸ್ ಆಕ್ಷನ್ ಆಗಿ, ಗದ್ದಲ ತಣ್ಣಗಾದ ಮೇಲೆ, ದೀಪಾವಳಿಗೆ ಎಂದಳು.

"ಆವಾಗ ಈ ಮೂಲ್ಯಾಗ ಏನಿತ್ತು?"

"ಅರಿಶಿಣ ಟೊಂಕದ ಮಟ ನಿಂತಿತ್ತರಿ. ಭಾವ ಯಾವತ್ತೂ ಹಿತ್ತಲದಾಗ ಕೈ ಆಡಿಸಿದವರಲ್ಲ, ಈ ಸಲ ಹ್ಯಾಂಗ ಹಚ್ಯಾರ ಅಂತ ನನಗ ನಗಿ ಬಂತು. ಗಂಡನ ಸುದ್ದಿ ಇಲ್ಲ, ಯಾರ ಹಬ್ಬಕ್ಕ ಅಗೀಲಿ ಅಂತ ಬಿಟ್ಟೆರಿ. ಆಮ್ಯಾಗ ಕಸ ಬೆಳೀತು, ಮರೆತೆ." ಹೇಳುತ್ತ ಹೇಳುತ್ತ ಅವಳು ತಲೆ ಎತ್ತಿ ಭಾವನನ್ನು ನೋಡಿದಳು.

ಮಚ್ಛೇಂದ್ರ ಅವಸರ ಮಾಡಲಿಲ್ಲ. ಮಗುವಿಗೆ ಲೆಕ್ಕ ಹೇಳಿಕೊಟ್ಟಂತೆ ಹೇಳಿದ. ಅರಿಶಿಣ ಹಚ್ಚುವುದು ಮಿರಗಕ್ಕೆ. ದೀಪಾವಳಿಗೆ ಟೊಂಕದೆತ್ತರ ನಿಂತಿದ್ದರೆ ಅದನ್ನು ಹಚ್ಚಿದ್ದು ಅದೇ ವರ್ಷದ ಮಿರಗದಲ್ಲಿ. ಗಡ್ಡೆಯೂ ಎರಡು ಮಳೆ ಕಂಡಿದೆ. ಬೀಜದ ತುಂಡು ಹಚ್ಚಿದಲ್ಲೇ ಕೊಳೆತಿದೆ, ನಡುವೆ ಯಾರೂ ಕಿತ್ತು ಅಲ್ಲಿ ಅಗೆದಿಲ್ಲ. ಅರಿಶಿಣ ಮೇಲಿದೆ, ಹಾವಗೆಪ್ಪ ಕೆಳಗಿದ್ದಾನೆ.

"ರಜಾಕಾರರು ಬಂದದ್ದು ಭಾದ್ರಪದದಾಗ," ಎಂದ. "ಅಷ್ಟೊತ್ತಿಗೆ ನಿಮ್ಮ ತಮ್ಮ ಮಣ್ಣಾಗಿ ಮೂರು ತಿಂಗಳಾಗಿತ್ತರಿ. ಕ್ಯಾಂಪಿಗೆ ಅಂವ ಹೋಗೇ ಇಲ್ಲ. ಆಕ್ಷನ್ ಆದ ಮ್ಯಾಲ ಕ್ಯಾಂಪಿನವರು ತಿರುಗಿ ಬಂದು ಹಾವಗೆಪ್ಪ ಎಲ್ಲಿ ಅಂತಾರ ಅಂತ ನಿಮಗ ಗೊತ್ತಿತ್ತು. ಜವಾಬು ಬೇಕಾಗಿತ್ತು. ನಬೀಸಾಬ ಸಿಕ್ಕ."

ಬೇಲಿಯಾಚೆ ನಿಂತವರು ಇನ್ನಷ್ಟು ಹತ್ತಿರ ಬಂದರು.

"ಬಣವಿ ಸುದ್ದಿ ಕೊಟ್ಟವರು ಯಾರ್ರಿ?" ಮಚ್ಛೇಂದ್ರ ಕೇಳಿದ.

ಮನ್ಮಥಪ್ಪ ಪಟಕಾ ಸುತ್ತಿಕೊಳ್ಳಲು ಹೋದ. ಕೈ ತಪ್ಪಿ ಅದು ಗುಣಿಯ ಅಂಚಿಗೆ ಬಿತ್ತು.

"ರಜಾಕಾರರು ಹೊಲ ಸುಡ್ತೀವಿ ಅಂದ್ರರಿ. ಹೇಳಿದೆ," ಎಂದ. "ಇವನಿಗೆ ಹ್ಯಾಂಗೋ ಗೊತ್ತಾತು. ಕ್ಯಾಂಪಿಗೆ ಹೋಗಿ ಹೇಳ್ತೇನಿ ಅಂದು ಬೆನ್ನು ತಿರುವಿದ. ಕೈಯಾಗ ಗುದ್ದಲಿ ಇತ್ತು." ಗುಣಿಯ ಕಡೆ ನೋಡಿ, "ಖರೇ, ಲಿಂಗ ಕೊಟ್ಟು ಕೂಡ್ರಿಸಿದೆನ್ರಿ. ತಮ್ಮ ಅಲ್ಲೇನ್ರಿ?"

ಸುಂದರಬಾಯಿ ಅವನ ಕಾಲು ಮುಟ್ಟಿದ್ದ ಕೈಯನ್ನು ಮಣ್ಣಿಗೆ ಉಜ್ಜುತ್ತಲೇ ಇದ್ದಳು.

*

ಸೋಮವಾರ ಅದಾಲತ್ತು ಫೈಸಲಾ ತಡೆಹಿಡಿಯಿತು. ಬುಧವಾರ ಬೀದರಿನ ಜೇಲಿನ ಬಾಗಿಲಿಗೆ ಬಿಡುಗಡೆಯ ಕಾಗದ ಹಿಡಿದು ಮಚ್ಛೇಂದ್ರನೇ ಹೋದ. ಐದು ದಿನ ತೊಳೆದರೂ ಉಗುರ ಸಂದಿಯ ಹಳದಿ ಹೋಗಿರಲಿಲ್ಲ.

ನಬೀಸಾಬ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹೊರಗೆ ಬಂದ. ಅರಿಶಿಣದ ಕಥೆಯನ್ನೆಲ್ಲ ನಿಂತೇ ಕೇಳಿದ.

"ನಾ ಹೇಳಿದ್ದೂ ಅದೇ ಅಲ್ಲೇನ್ರಿ, ಸಾಹೇಬ್ರ, ನಾ ಅಲ್ಲ ಅಂತ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಮಚ್ಛೇಂದ್ರನ ಹಿಂದೆ, ರಸ್ತೆಯ ಉದ್ದಕ್ಕೂ ಕಣ್ಣಾಡಿಸಿದ. ಅಲ್ಲಿ ಯಾರೂ ಇರಲಿಲ್ಲ.

"ನನ್ನ ಹೆಂಡತಿ ಅನ್ವರಿ ಎಲ್ಲಿ ಅದಾಳ್ರಿ? ನೀವು ನನ್ನ ಹಿಡಕೊಂಡು ಬಂದಾಗ ಬಾಗಿಲದಾಗ ನಿಂತಿದ್ಲು."

ಮಚ್ಛೇಂದ್ರನ ಕಂಕುಳಲ್ಲಿ ಮೊಕದ್ದಮೆಯ ಮಿಸಲ್ಲಿನ ಕಟ್ಟು ಇತ್ತು. ಎರಡು ವರ್ಷದ ಕಾಗದ, ನೂರಾರು ಪ್ರಶ್ನೆಗಳು, ಎಲ್ಲ ಅವನದೇ ಕೈಬರಹ. ಈ ಪ್ರಶ್ನೆಯನ್ನು ಅವನು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.