ಹೊಗೆಯಾಗದ ಅಜ್ಜಿ

ಬಹಳ ಹಿಂದೆ, ಏಳು ಕೆರೆಗಳ ಆಚೆಗೊಂದು ರಾಜ್ಯ. ಅಲ್ಲಿ ಕೆಂಚವ್ವ ಎಂಬ ಕತೆಗಾರ್ತಿ. ಅವಳು ಯಾರ ಕತೆ ಹೇಳಿದರೂ ಅವರು ಎದ್ದು ಬಂದು ನಿಲ್ಲುತ್ತಿದ್ದರು.

ಧೂಮಕೇಶನೆಂಬ ಮಾಂತ್ರಿಕನಿಗೆ ಇದನ್ನು ಕಂಡು ಹೊಟ್ಟೆ ಉರಿಯಿತು. ಅವಳ ಅಕ್ಕ ನಾಗವ್ವನನ್ನು ಕಲ್ಲು ಮಾಡಿ ತನ್ನ ಕೋಟೆಬಾಗಿಲಲ್ಲಿ ನಿಲ್ಲಿಸಿದ.

"ಬಾಗಿಲು ಕಾಯುವ ನನ್ನ ಸಿಂಹಮುಖದ ಯಾಳಿ ಮನುಷ್ಯರನ್ನಷ್ಟೇ ಒಳಗೆ ಬಿಡುತ್ತೆ. ಮೂರು ದಿನದೊಳಗೆ ನಿನ್ನ ಕತೆಯವರೊಬ್ಬರನ್ನು ಅದು ಮನುಷ್ಯರೆಂದು ನಂಬಿದರೆ ಅಕ್ಕ ನಿನಗೆ. ಇಲ್ಲದಿದ್ದರೆ ನೀನೂ ಕಲ್ಲು" ಎಂದ.

ಮೊದಲ ದಿನ ಕೆಂಚವ್ವ ಕತೆ ಹೇಳಿ ಒಬ್ಬ ರಾಜಕುಮಾರನನ್ನು ಕಟ್ಟಿದಳು. ರೂಪವಂತ, ಗುಣವಂತ, ಮಹಾಶೂರ. ಯಾಳಿ ಮೂಸಿ ನೋಡಿ ಕೇಳಿತು:

"ನಿನಗೆ ಯಾವುದರ ಭಯ?"

"ಯಾವುದರದ್ದೂ ಇಲ್ಲ."

ಯಾಳಿ ಉಫ್ ಎಂದು ಊದಿತು. ರಾಜಕುಮಾರ ಹೊಗೆಯಾದ.

ಎರಡನೆಯ ದಿನ ಒಬ್ಬ ಕಳ್ಳನನ್ನು ಕಟ್ಟಿದಳು. ಕುಡುಕ, ಸಿಡುಕ, ಹಲ್ಲಿ ಕಂಡರೆ ನಡುಗುವವನು. ಭಯದ ಪ್ರಶ್ನೆ ದಾಟಿದ.

"ನಿನಗೇನು ಬೇಕು?" ಎಂದಿತು ಯಾಳಿ.

ಕಳ್ಳ ಬಾಯಿ ಬಿಡಲಿಲ್ಲ. ಪಾಪ, ಅದನ್ನು ಹೇಳಿಕೊಡುವುದೇ ಕೆಂಚವ್ವನಿಗೆ ಮರೆತುಹೋಗಿತ್ತು. ಅವನೂ ಹೊಗೆಯಾದ.

ಕೆಂಚವ್ವ ಅಕ್ಕನ ಕಲ್ಲುಪಾದ ಹಿಡಿದು ಅತ್ತಳು. ಅಳುತ್ತಲೇ ಅಕ್ಕ ಹೇಗಿದ್ದಳೆಂದು ನೆನೆದಳು. ಹೊರಡುವಾಗ "ಬರ್ತೀನಿ ಕಣೇ" ಅನ್ನುವಳು, ಆಮೇಲೆ ಹೊಸಿಲಲ್ಲೇ ನಿಂತು ಇನ್ನೊಂದು ಗಳಿಗೆ ಮಾತಾಡುವಳು.

ಮೂರನೆಯ ದಿನ ಯಾಳಿಯ ಮುಂದೆ ಒಬ್ಬ ಅಜ್ಜಿ ನಿಂತಿದ್ದಳು.

"ಯಾವುದರ ಭಯ?"

"ನಿನ್ನ ಕಂಡ್ರೆ ಭಯಾನೇ ಕಣಪ್ಪ. ಎಮ್ಮೆ ಇಲ್ದೆ ಮನೆಗೆ ಹೋದ್ರೆ ಸೊಸೆ ಭಯ ಇನ್ನೂ ಜಾಸ್ತಿ."

"ಏನು ಬೇಕು?"

"ಎಮ್ಮೆ. ನಿಮ್ಮ ಕೋಟೆ ಒಳಗೆ ನುಗ್ಗಿದೆ."

ಯಾಳಿಗೆ ಇನ್ನೂ ಅನುಮಾನ. "ನಾಳೆ ಬಾ, ಹೋಗು" ಎಂದಿತು.

"ಬರ್ತೀನಪ್ಪ" ಎಂದು ಅಜ್ಜಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. "ಅಂದಹಾಗೆ, ನಿಂದು ಊಟ ಆಯ್ತಾ?"

ಈ ಮಾತನ್ನು ಕೆಂಚವ್ವ ಹೇಳಿಕೊಟ್ಟಿರಲಿಲ್ಲ. ಅವಳೂ ಬೆರಗಾಗಿ ನೋಡಿದಳು.

ನೂರು ವರ್ಷದಿಂದ ಯಾಳಿಯನ್ನು ಯಾರೂ ಹಾಗೆ ಕೇಳಿರಲಿಲ್ಲ. ಅದು ತಲೆ ತಗ್ಗಿಸಿತು.

"ಇಲ್ಲ ಅಜ್ಜಿ" ಎಂದಿತು.

ಅಜ್ಜಿ ಎಂದು ಕರೆದಾಯಿತಲ್ಲ, ಮನುಷ್ಯಳೆಂದು ನಂಬಿದ ಹಾಗೆಯೇ; ಬಾಗಿಲು ತಾನಾಗಿ ತೆರೆಯಿತು. ನಾಗವ್ವನ ಕಲ್ಲುಕಣ್ಣಲ್ಲಿ ನೀರು ಬಂತು, ಅವಳು ಮತ್ತೆ ಮನುಷ್ಯಳಾದಳು.

ಧೂಮಕೇಶ ಸಿಟ್ಟಿನಿಂದ ಓಡಿ ಬಂದ. ಯಾಳಿ ಅವನನ್ನೂ ಮೂಸಿತು.

"ಯಾವುದರ ಭಯ?"

"ನನಗೇ? ಯಾವುದರದ್ದೂ ಇಲ್ಲ."

ಯಾಳಿ ಊದಿತು. ಮಾಂತ್ರಿಕ ಹೊಗೆಯಾಗಿ ಹೋದ.

ಒಳಗೆ ಎಮ್ಮೆ ನಿಜಕ್ಕೂ ಮೇಯುತ್ತಿತ್ತು. ಅದರ ಹಾಲು ಯಾಳಿಗೂ ಸಿಕ್ಕಿತು, ರಾಜ್ಯ ತಣ್ಣಗಾಯಿತು. ಆ ಸಂಜೆ ಅಜ್ಜಿಯೂ ನಾಗವ್ವನೂ "ಬರ್ತೀನಿ, ಬರ್ತೀನಿ" ಎನ್ನುತ್ತ ಬಾಗಿಲಲ್ಲೇ ನಿಂತು ಮಾತಾಡಿದರು. ಕೆಂಚವ್ವ ಅಕ್ಕನನ್ನು ಅವಸರಪಡಿಸಲಿಲ್ಲ.