ಗೋಡೆಯೊಳಗಿನ ಎಡಗಾಲ ಬೂಟು

"ಅದನ್ನ ಮುಟ್ಟಬೇಡ ತಮ್ಮಾ," ಎಂದ ಪೆನ್‌ಹೇಲ್. "ಎಲ್ಲಿತ್ತೋ ಅಲ್ಲೇ ಇರ್ಲಿ. ಸಂಜೆಯೊಳಗೆ ಗೂಡು ಮುಚ್ಚಿಬಿಡ್ತೀನಿ."

ಅಷ್ಟರಲ್ಲಿ ವೆಂಡೆಲ್ ಪ್ರಾಟ್ ಕೈ ಹಾಕಿ ಆಗಿತ್ತು. ವಿಶ್ವವಿದ್ಯಾಲಯದ ಹಳೆಯ ಕಟ್ಟಡ ಹ್ಯಾಚ್ ಹಾಲ್‌ನ ಕೆಂಪು ಮರಳುಗಲ್ಲಿನ ಗೋಡೆಯಲ್ಲಿ, ಹಳೆಯ ಹೊಗೆಗೂಡಿನ ಪಕ್ಕ, ಗಾರೆ ಕಿತ್ತ ಕಡೆ ಒಂದು ಪುಟ್ಟ ಗೂಡು ಬಾಯಿಬಿಟ್ಟಿತ್ತು. ಅದರೊಳಗಿಂದ ಅವನು ತೆಗೆದದ್ದು ಒಂದು ಮಗುವಿನ ಬೂಟು. ಎಡಗಾಲಿನದು. ಚರ್ಮ ಕಪ್ಪಾಗಿ ಸುರುಟಿಕೊಂಡಿತ್ತು, ಬಾಯಿಗೆ ಕರಿಮೇಣ ಮೆತ್ತಿತ್ತು. ವೆಂಡೆಲ್ ಉಗುರಿನಿಂದ ಮೇಣ ಎಬ್ಬಿಸಿದ. ಒಳಗೆ ಗಂಟು ಹಾಕಿದ ಕೂದಲು, ತುಕ್ಕು ಹಿಡಿದ ಮೊಳೆಗಳು. ಒದ್ದೆ ಬೂದಿಯ ವಾಸನೆ. ಅದರಡಿಯಲ್ಲಿ ಕಮಟು ಹಿಡಿದ ಕೊಬ್ಬಿನ ವಾಸನೆ.

"ಮಾಟಾನಾ?" ಎಂದು ನಕ್ಕ.

ಕಲ್ಲುಕೆಲಸದ ಪೆನ್‌ಹೇಲ್ ಎಲ್ಲದಕ್ಕೂ ಜೋಕು ಹೊಡೆಯುವ ಬಾಯಾಳಿ ಮುದುಕ. ಅವತ್ತು ನಗಲಿಲ್ಲ. ಕರಣೆ ಕೆಳಗಿಟ್ಟು, ಕೈ ಒರೆಸಿಕೊಂಡ.

"ನಮ್ಮ ಮುತ್ತಾತ ಕಟ್ಟಿದ ಗೋಡೆ ಇದು. ಕಟ್ತಾ ಕಟ್ತಾ ಬೀಳ್ತಿತ್ತಂತೆ. ಗಣಿ ಕೇರೀಲಿ ಒಬ್ಬ ಮುದುಕಿ ಇದ್ಲು, ಅವಳ ಕೈಲಿ ಕಟ್ಟು ಹಾಕಿಸ್ದ. ಬೂಟು ಅವನ ಮಗಂದು. ಗೋಡೆ ನಿಂತ್ಕೊಂಡ್ತು."

"ಮಗ?"

"ಅವನೂ ಬದುಕಿದ. ಕೆಂಡದ ಮೇಲೆ ಕಾಲಿಟ್ರೂ ಗೊತ್ತಾಗ್ತಿರ್ಲಿಲ್ಲ. ಹೆತ್ತ ತಾಯಿ ಸತ್ತಾಗ ಪಕ್ಕದಲ್ಲೇ ಕೂತು ಗಡದ್ದಾಗಿ ಊಟ ಮಾಡಿದನಂತೆ." ಮುದುಕ ಬೂಟಿನ ಕಡೆ ನೋಡಲೇ ಇಲ್ಲ. "ತೆಗೆದ ಬೂಟು ಗೋಡೆ ಮುಚ್ಚೋ ಮುಂಚೆ ಒಳಗೆ ಹೋಗ್ಬೇಕು. ಇಲ್ಲಾಂದ್ರೆ ಗೋಡೆ ಬೇರೆ ಕಾಲು ಕೇಳುತ್ತೆ."

"ಗೋಡೆ ಕೇಳಲ್ಲ, ಸೋರುತ್ತೆ. ಅದಕ್ಕೇ ನನ್ನ ಕರೆಸಿರೋದು."

ಮಾತೇನೋ ನಿಜ. ಹಳೆಯ ಕಟ್ಟಡಗಳನ್ನು ಕೆಡವದೆ, ಅವಕ್ಕೇ ಒಳಗಿನಿಂದ ಕಂಬಳಿ ಹೊದಿಸಿ, ಬಿರುಕು ಮುಚ್ಚಿ, ಉರಿಸುವ ಇಂಧನ ಉಳಿಸಬೇಕೆಂದು ವಿಶ್ವವಿದ್ಯಾಲಯ ಹೊರಟಿತ್ತು. ಆ ಕೆಲಸಕ್ಕೆ ಅರಿಜೋನಾದ ಬಿಸಿಲಿನಿಂದ ಈ ಸುಪೀರಿಯರ್ ಸರೋವರದ ದಡಕ್ಕೆ ಹೆಂಡತಿ, ಮಗಳೊಡನೆ ಬಂದವನು ವೆಂಡೆಲ್. ಒಳ್ಳೆಯ ಕೆಲಸ, ಅದನ್ನು ಮನಸ್ಸಿಟ್ಟು ಮಾಡುವ ಮನುಷ್ಯ. ಬೇರೆಯವರ ಮಾತು ಕೇಳುವ ಕಿವಿಯೊಂದನ್ನು ಮಾತ್ರ ಊರಲ್ಲೇ ಬಿಟ್ಟುಬಂದಿದ್ದ. ಗೂಡಿಗೆ ಕುರಿತುಪ್ಪಟ ತುರುಕಿಸಿ, ಮೇಲೆ ಪಟ್ಟಿ ಅಂಟಿಸಿ, ಗಾರೆ ಬಳಿಸಿದ. ಬೂಟಿನೊಳಗಿದ್ದ ಕೂದಲು, ಮೊಳೆಗಳನ್ನು ಒಂದು ಡಬ್ಬಿಗೆ ಸುರಿದು, ಮುಂದೆ ಹಾಲ್‌ನ ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿ ನೋಡುವವರಿಗಾಗಿ ಇಡಿಸೋಣವೆಂದು ಸದ್ಯಕ್ಕೆ ಮನೆಗೆ ತಂದ.

ಆರು ವರ್ಷದ ಮಾರ್ಗೊ ಅದನ್ನು ಕಂಡವಳೇ ಕಾಲಿಗೆ ಏರಿಸಿದಳು.

"ಅಪ್ಪಾ, ನಂಗೇ ಹೊಲಿಸ್ದಂಗಿದೆ!" ಎಂದು ಅಡುಗೆಮನೆ ತುಂಬ ಕುಂಟಾಟ ಆಡಿದಳು.

"ತೆಗಿಸ್ರೀ ಅದನ್ನ, ಗಲೀಜು," ಎಂದಳು ಹೆಂಡತಿ ಲೆನೋರ್. ವೆಂಡೆಲ್ ನಗುತ್ತ ಫೋಟೋ ತೆಗೆದ.

ಆ ವಾರವೇ ಒಂದು ದಿನ ಮಾರ್ಗೊ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಹಾಡಿಕೊಂಡು ಕೂತಿದ್ದಳು. ಲೆನೋರ್ ನೀರಿಗೆ ಕೈಯಿಟ್ಟು ಕಿರುಚಿದಳು. ಸುಡುನೀರು. ಮಗು ಎಡಗಾಲನ್ನಷ್ಟೇ ಅದರಲ್ಲಿ ಇಳಿಬಿಟ್ಟಿತ್ತು, ಕಾಲು ಕೆಂಪಗೆ ಬೆಂದಿತ್ತು, ಹಾಡು ಮಾತ್ರ ನಿಂತಿರಲಿಲ್ಲ. ಡಾಕ್ಟರು ಸೂಜಿ ಚುಚ್ಚಿ ನೋಡಿದರು, ತಂತಿ ಅಂಟಿಸಿ ನೋಡಿದರು. ನರಗಳೆಲ್ಲ ಸರಿಯಾಗಿವೆ ಎಂದರು. ಮರಗಟ್ಟುವುದು ಪಾದದಿಂದ ಮೊಣಕಾಲಿಗೆ ಏರಿತು. ಅಲ್ಲಿಂದ ಸೊಂಟಕ್ಕೆ ಏರಿತು. ಆಮೇಲೆ ಎಲ್ಲಿಗೆ ಏರಿತೆಂದು ಡಾಕ್ಟರ ತಂತಿಗೂ ತಿಳಿಯಲಿಲ್ಲ.

ಅವಳ ಬೆಕ್ಕು ಕಾರಿಗೆ ಸಿಕ್ಕಿ ಸತ್ತಿತು. ಹಾಸಿಗೆಯಲ್ಲಿ ಜೊತೆಗೆ ಮಲಗಿಸಿಕೊಳ್ಳುತ್ತಿದ್ದ ಬೆಕ್ಕು. ಮಾರ್ಗೊ ಅದನ್ನು ಒಮ್ಮೆ ನೋಡಿ, ದಾಟಿಕೊಂಡು ಒಳಗೆ ಹೋಗಿ, "ಹಾಲೆಲ್ಲಿ?" ಎಂದಳು.

ವೆಂಡೆಲ್‌ಗೆ ಸತ್ತ ತಾಯಿಯ ಪಕ್ಕದಲ್ಲಿ ಕೂತು ಉಂಡವನ ನೆನಪಾಯಿತು. ಅವನಿಗೆ ಭಯವಾಯಿತು. ಆದರೂ ಅದನ್ನು ಯಾರೆದುರೂ ಬಾಯಿಬಿಟ್ಟು ಹೇಳಲಿಲ್ಲ. ಓದಿದವನಲ್ಲವೆ?

ಭಾನುವಾರ ಹ್ಯಾಚ್ ಹಾಲ್‌ನಲ್ಲಿ ಗಾಳಿ ಪರೀಕ್ಷೆ. ಬಾಗಿಲಿಗೆ ದೊಡ್ಡ ಫ್ಯಾನು ಕೂರಿಸಿ ಒಳಗಿನ ಗಾಳಿಯನ್ನು ಹೊರಗೆ ಎಳೆಯಬೇಕು. ಆಗ ಬಿರುಕು ಇದ್ದಲ್ಲೆಲ್ಲ ಹೊರಗಾಳಿ ಒಳಗೆ ನುಗ್ಗುತ್ತದೆ. ಅಲ್ಲಿ ಹೊಗೆಕಡ್ಡಿ ಹಿಡಿದರೆ ಹೊಗೆ ಗೋಡೆ ಬಿಟ್ಟು ಇತ್ತ ಚಿಮ್ಮುತ್ತದೆ. ಪರೀಕ್ಷೆಯ ದಿನ ಒಳಗೆ ಬೇರಾರೂ ಇರುವಂತಿಲ್ಲ. ಮಧ್ಯಾಹ್ನವೇ ಮಬ್ಬುಗತ್ತಲು ಕವಿದಿತ್ತು, ಕಿಟಕಿಗಳಿಗೆ ಹಿಮ ಅಂಟಿತ್ತು. ವೆಂಡೆಲ್ ಹೊಗೆಕಡ್ಡಿ ಹಿಡಿದು ಗೋಡೆಯುದ್ದಕ್ಕೂ ನಡೆದ. ಎಲ್ಲೂ ಸೋರಿಕೆಯಿಲ್ಲ. ಹೊಗೆ ನೆಟ್ಟಗೆ ಏಳುತ್ತಿತ್ತು.

ಹೊಗೆಗೂಡಿನ ಪಕ್ಕ ಬಂದಾಗ ಹೊಗೆ ಬಾಗಿತು. ಇತ್ತ ಅಲ್ಲ, ಅತ್ತ. ಗೋಡೆಯೊಳಕ್ಕೆ.

ಬಿರುಕೇ ಇಲ್ಲದ ಗಾರೆ ಹೊಗೆಯನ್ನು ಹೀರಿಕೊಳ್ಳುತ್ತಿತ್ತು. ವೆಂಡೆಲ್ ಫ್ಯಾನು ನಿಲ್ಲಿಸಿದ. ಗೋಡೆ ಹೀರುವುದನ್ನು ನಿಲ್ಲಿಸಲಿಲ್ಲ. ಆ ನಿಶ್ಶಬ್ದದಲ್ಲಿ ಕೇಳಿಸಿತು, ಕಲ್ಲಿನ ಒಳಗೆ. ಟಕ್. ಬಿಡುವು. ಟಕ್. ಒಂಟಿ ಕಾಲಿನ ಕುಂಟಾಟ. ಅಡುಗೆಮನೆಯಲ್ಲಿ ಕೇಳಿದ್ದ ಅದೇ ಲಯ.

ಅವನು ಹೊರಗೋಡಿ ಪೆನ್‌ಹೇಲ್‌ಗೆ ಫೋನು ಮಾಡಿದ. ಮನೆಗೆ ಹೋಗಿ ಬೂಟು, ಮೊಳೆಗಳ ಡಬ್ಬಿ ತಂದ. ಮುದುಕ ಸುತ್ತಿಗೆ, ಚಾಣ, ಒಂದು ಮೇಣದಬತ್ತಿ ಹಿಡಿದು ಬಂದಿದ್ದ.

"ನಂಗೊತ್ತಿತ್ತು ಅಂತ ಹೇಳಲ್ಲ," ಎಂದ. "ಹೇಳಿ ಏನುಪಯೋಗ? ನಾನೂ ಅವತ್ತು ಕೈಕಟ್ಕೊಂಡು ನಿಂತಿದ್ದೆ."

"ಇದನ್ನ ವಾಪಸ್ ಇಡ್ತೀನಿ. ಸಾಕಲ್ವಾ?"

"ನಿನ್ನ ಮಗಳು ಇದನ್ನ ಹಾಕ್ಕೊಂಡ್ಲಾ?"

ವೆಂಡೆಲ್ ಹೌದೆಂದು ತಲೆಯಾಡಿಸಿದ.

"ಹಾಗಾದ್ರೆ ಅದೀಗ ಅವಳ ಬೂಟು. ಒಳಗಿಟ್ರೆ ಅವಳನ್ನೇ ಇಟ್ಟ ಹಾಗೆ."

ಹಿಮ ಕಿಟಕಿಗೆ ಬಡಿಯುತ್ತಿತ್ತು. ವೆಂಡೆಲ್ ತನ್ನ ಕಾಲನ್ನು ನೋಡಿಕೊಂಡ.

"ನಂದು ಇಟ್ರೆ?"

ಪೆನ್‌ಹೇಲ್ ಚಾಣದ ಮೊನೆಯನ್ನು ಹೆಬ್ಬೆರಳಿನಿಂದ ಒರೆಸಿದ. "ಗೋಡೆಗೆ ಯಾರದಾದ್ರೂ ಆಗುತ್ತೆ," ಎಂದ. "ಹೆತ್ತ ತಾಯಿ ಕತೆ ಹೇಳಿದ್ನಲ್ಲ. ಅದು ನೆನಪಿದ್ರೆ ಸರಿ."

"ಒಡೀರಿ," ಎಂದ ವೆಂಡೆಲ್.

ಗಾರೆ ಉದುರಿತು. ಕುರಿತುಪ್ಪಟ ಹೊರಬಂತು. ಅದು ಒದ್ದೆಯಾಗಿತ್ತು, ಬೆಚ್ಚಗಿತ್ತು. ಒದ್ದೆ ಬೂದಿಯ ವಾಸನೆ ಗಂಟಲಿಗೆ ಇಳಿಯಿತು. ವೆಂಡೆಲ್ ಎಡಗಾಲಿನ ಬೂಟು ಬಿಚ್ಚಿದ. ತನ್ನ ಕೂದಲು ಕತ್ತರಿಸಿ ಗಂಟು ಹಾಕಿ ಅದಕ್ಕೆ ತುಂಬಿದ. ಹಳೆಯ ಮೊಳೆಗಳನ್ನು ತುಂಬಿದ. ಬತ್ತಿ ಹಚ್ಚಿ ಬಾಯಿಗೆ ಮೇಣ ಸುರಿದ. ಗೂಡಿನೊಳಗೆ ಕೈ ಚಾಚಿದ. ಮೊಣಕೈವರೆಗೆ ಹೋಯಿತು. ಭುಜದವರೆಗೆ ಹೋಯಿತು. ಗೂಡು ಅಷ್ಟು ಆಳವಿರಲಿಲ್ಲ. ಮೇಣದಬತ್ತಿ ಆರಿತು.

ಟಕ್.

ಹತ್ತಿರ. ಇನ್ನೂ ಹತ್ತಿರ. ಅವನ ಕೈಯಲ್ಲಿದ್ದ ಬೂಟು ಅಲುಗಿತು. ಮೇಣ ಮುರಿದ ಸದ್ದು. ಬೂಟಿನೊಳಗೆ ಏನೋ ಕಾಲಿಟ್ಟಿತು. ಪುಟ್ಟದು. ತಣ್ಣಗಿನದು. ತೂಕ ಬಂತು. ಲಾಡಿ ತಾನೇ ಬಿಗಿಯಿತು.

"ಬಿಡು!" ಪೆನ್‌ಹೇಲ್ ಕೂಗಿದ. "ಕೈ ಬಿಡು!"

ಬಿಟ್ಟ. ಏನೋ ಅವನ ಬೆರಳನ್ನು ಹಿಡಿದಿತ್ತು. ಮಕ್ಕಳು ರಸ್ತೆ ದಾಟುವಾಗ ಹಿಡಿಯುವ ಹಾಗೆ. ಅವನು ಮಾರ್ಗೊಳನ್ನು ನೆನೆದ. ಅವಳು ಹುಟ್ಟಿದ ದಿನದ ವಾಸನೆಯನ್ನು ನೆನೆದ. ಆ ನೆನಪಿನ ಬಿಸುಪೂ ಆ ಬೆರಳಿನ ಮೂಲಕ ಗೋಡೆಯೊಳಕ್ಕೆ ಹೋಯಿತು. ಹಿಡಿತ ಸಡಿಲಾಯಿತು.

ಪೆನ್‌ಹೇಲ್ ಅಳುತ್ತ ಗೂಡು ಮುಚ್ಚಿದ. ಮಗುವಿನ ಬೂಟನ್ನು ಬಕೆಟ್ಟಿನಲ್ಲಿ ಸುಟ್ಟ. ಮುದುಕ ಯಾಕೆ ಅಳುತ್ತಿದ್ದಾನೆಂದು ವೆಂಡೆಲ್‌ಗೆ ಅರ್ಥವಾಗಲಿಲ್ಲ. ಫ್ಯಾನು ಹಾಕಿ ಮತ್ತೆ ಪರೀಕ್ಷೆ ಮಾಡಿದ. ಹೊಗೆ ನೆಟ್ಟಗೆ ಎದ್ದಿತು. ಇಷ್ಟು ಬಿಗಿಯಾದ ಹಳೆ ಕಟ್ಟಡವನ್ನು ಅವನು ನೋಡಿರಲಿಲ್ಲ. ಕಾರಿನವರೆಗೆ ಹಿಮದಲ್ಲಿ ಒಂಟಿ ಬೂಟಿನಲ್ಲಿ ನಡೆದ. ಬರಿಗಾಲಿಗೆ ಚಳಿ ತಾಗಲಿಲ್ಲ.

ಹ್ಯಾಚ್ ಹಾಲ್ ಈಗ ಊರಿಗೆಲ್ಲ ಮಾದರಿ. ಹೊಗೆಗೂಡಿನ ಪಕ್ಕದ ಗೋಡೆ ಸದಾ ಬೆಚ್ಚಗಿರುತ್ತದೆ. ವಿದ್ಯಾರ್ಥಿಗಳು ಚಳಿಗೆ ಅಲ್ಲೇ ಬೆನ್ನು ಆನಿಸಿ ಕೂತು ಓದುತ್ತಾರೆ, ಕೆಲವರು ನಿದ್ದೆಹೋಗುತ್ತಾರೆ. ಅಲ್ಲಿ ಕೂತರೆ ಮನೆ ನೆನಪಾಗುತ್ತದೆ ಎಂದು ಹೇಳಿಕೊಳ್ಳುತ್ತಾರೆ.

ಆ ಭಾನುವಾರ ವೆಂಡೆಲ್ ಮನೆ ಬಾಗಿಲು ತೆರೆದಾಗ ಮಾರ್ಗೊ ಓಡಿಬಂದಳು. ಹೊಸ್ತಿಲಿಗೆ ಎಡಗಾಲು ಬಡಿಯಿತು. ಕಣ್ಣರಳಿಸಿ ನಿಂತಳು. ಆಮೇಲೆ ಸೂರು ಹಾರಿಹೋಗುವ ಹಾಗೆ ಅತ್ತಳು. "ನೋವು, ಅಪ್ಪಾ, ನೋವು! ನನ್ನ ಬೆಕ್ಕು, ಅಪ್ಪಾ!" ಲೆನೋರ್ ನೆಲದ ಮೇಲೆ ಕುಸಿದು ಕೂತು ನಗುತ್ತಿದ್ದಳು, ಅಳುತ್ತಿದ್ದಳು.

ವೆಂಡೆಲ್ ಮಗಳನ್ನು ಎತ್ತಿಕೊಂಡ. ಎತ್ತಿಕೊಳ್ಳಬೇಕೆಂದು ಗೊತ್ತಿತ್ತು. ಅವಳ ಒದ್ದೆ ಕೆನ್ನೆ ಅವನ ಕುತ್ತಿಗೆಗೆ ಒತ್ತಿತು. ಅವಳ ತೂಕವೊಂದೇ ಅವನಿಗೆ ತಿಳಿದದ್ದು. ಬೆನ್ನು ತಟ್ಟಿದ. ಎಷ್ಟು ತಟ್ಟಿದರೆ ಸಾಕೆಂದು ಲೆನೋರಳ ಮುಖ ನೋಡಿದ. ಅವಳ ನಗು ನಿಂತಿತ್ತು, ಅವಳು ಇವನನ್ನೇ ನೋಡುತ್ತಿದ್ದಳು. ಇಂಥ ಹೊತ್ತಿನಲ್ಲಿ ಅಪ್ಪಂದಿರು ಏನೋ ಕೇಳುತ್ತಾರೆ ಎಂದು ಅವನಿಗೆ ನೆನಪಾಯಿತು.

"ತುಂಬ ನೋವಾಯ್ತಾ ಕಂದಾ?" ಎಂದು ಕೇಳಿದ.